ತೋಪಿನ ಸದ್ದಿಗೂ ಕದಲದ ಕುದುರೆ

ವಿಜಯದಶಮಿಯ ದಿನ ಮೈಸೂರು ಅರಮನೆ ಮುಂದೆ ಚಿನ್ನದ ಅಂಬಾರಿಯಲ್ಲಿರುವ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಆಗುವ ಹೊತ್ತಿಗೆ 21 ಕುಶಾಲತೋಪು ಹಾರಿಸುತ್ತಾರೆ. ನೆರೆದವರ ಎದೆ ನಡುಗಿಸುವ ಸದ್ದದು. ಆದರೂ ಅಶ್ವಾರೋಹಿ ಪೊಲೀಸರ ಕುದುರೆಗಳು ಸಾಲು ಬಿಡದೆ ನಿಂತಿರುತ್ತವೆ. ಅವುಗಳಿಗೆ ಹಬ್ಬಕ್ಕೆ ಮುಂಚೆ ತೋಪಿನ ತಾಲೀಮು ನಡೆದಿರುತ್ತದೆ, ನಿಜ. ಆದರೆ ಆ ತಾಲೀಮಿಗೂ ಬಹಳ ಹಿಂದೆ, ಕುದುರೆಗೂ ಮನುಷ್ಯನಿಗೂ ನಂಟು ಬೆಳೆಸುವ ಕೆಲಸ ಲಾಯದಲ್ಲಿ ಶುರುವಾಗಿರುತ್ತದೆ.

ಕುದುರೆ ಹುಲ್ಲು ತಿಂದು, ಓಡಿ ಬದುಕುವ ಪ್ರಾಣಿ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲಿನ ಹೆಚ್ಚಿನದೆಲ್ಲ ಅದಕ್ಕೆ ಕಾಣುತ್ತದೆ. ಕಾಣದಿರುವುದು ಬಾಲದ ನೇರ ಹಿಂದೆ ಮತ್ತು ಹಣೆಯ ಎದುರಿಗೇ ಇರುವ ತುಸು ಜಾಗ. ಹಾಗಾಗಿ ತಿಳಿದವರು ಹಿಂದಿನಿಂದ ಹೋಗುವುದಿಲ್ಲ. ಮೆಲ್ಲಗೆ ಮಾತಾಡುತ್ತ ಹೆಗಲ ಕಡೆಯಿಂದ ಬರುತ್ತಾರೆ. ಕಿವಿ ಇತ್ತ ತಿರುಗಿತೆಂದರೆ ಬಂದವರು ಅದರ ಗಮನಕ್ಕೆ ಬಂದಿದ್ದಾರೆ ಎಂದರ್ಥ. ಎರಡೂ ಕಿವಿ ಹಿಂದಕ್ಕೆ ಒತ್ತಿ ಮಲಗಿದರೆ ಅದು ಎಚ್ಚರಿಕೆ.

ಮೊದಲ ಪಾಠ ಮಾಲೀಸು, ಅಂದರೆ ಮೈ ಉಜ್ಜುವುದು. ಕುದುರೆಗಳು ತಮ್ಮಲ್ಲೇ ಹಲ್ಲಿನಿಂದ ಒಂದರ ಮೈ ಇನ್ನೊಂದು ಕೆರೆದುಕೊಳ್ಳುತ್ತವೆ. ಅವು ಹೆಚ್ಚಾಗಿ ಆರಿಸುವ ಜಾಗ ಕತ್ತು ಬೆನ್ನಿಗೆ ಸೇರುವ ಉಬ್ಬು. ಅಲ್ಲಿ ಉಜ್ಜಿದರೆ ಎದೆಬಡಿತ ಇಳಿಯುತ್ತದೆ ಎಂದು ಫ್ರಾನ್ಸ್‌ನ ಕಮಾರ್ಗ್ ಕುದುರೆಗಳ ಮೇಲೆ ನಡೆದ, 1993ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಲಾಯದ ಆಳುಗಳು ಇದನ್ನು ಕೈಯಿಂದಲೇ ಬಲ್ಲರು. ಉಜ್ಜಿದ ಹಾಗೆಲ್ಲ ಕತ್ತು ತಗ್ಗುತ್ತದೆ, ಕೆಳತುಟಿ ಸಡಿಲವಾಗುತ್ತದೆ.

ಎರಡನೆಯದು ಒತ್ತುವುದು ಮತ್ತು ಬಿಡುವುದು. ಕುದುರೆಯ ಎದೆಗೆ ಬೆರಳು ತಾಗಿಸಿ ಹಗುರವಾಗಿ ಒತ್ತಬೇಕು. ಅದು ಮೈಭಾರವನ್ನು ತುಸು ಹಿಂದಕ್ಕೆ ಸರಿಸಿದ ಕ್ಷಣದಲ್ಲೇ ಬೆರಳು ತೆಗೆಯಬೇಕು. ಕುದುರೆ ಕಲಿಯುವುದು ಒತ್ತಿದ್ದರಿಂದ ಅಲ್ಲ, ಸಮಯಕ್ಕೆ ಸರಿಯಾಗಿ ಬಿಟ್ಟಿದ್ದರಿಂದ. ಬಿಡುವುದು ತಡವಾದರೆ ತಾನು ಏನು ಮಾಡಿದ್ದಕ್ಕೆ ಬಿಡುಗಡೆ ಸಿಕ್ಕಿತೆಂದು ಅದಕ್ಕೆ ತಿಳಿಯುವುದಿಲ್ಲ. ಪಳಗಿದ ಕೈಯ ಹೆಚ್ಚುಗಾರಿಕೆ ಇರುವುದು ಇಲ್ಲೇ. ಮುಂದೆ ಸವಾರನ ಮೊಣಕಾಲಿನ ಸನ್ನೆ, ಲಗಾಮಿನ ಸೆಳೆತ ಎಲ್ಲವೂ ಇದೇ ಪಾಠದ ಮುಂದುವರಿಕೆ.

ಆಮೇಲೆ ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತು ಹಾಕಿಸುತ್ತಾರೆ. ನಡುವೆ ನಿಂತವರ ದನಿಗೆ ಅದು ನಡೆಯಲು, ಓಡಲು, ನಿಲ್ಲಲು ಕಲಿಯುತ್ತದೆ. ಜೀನು ಹಾಕುವುದಕ್ಕೂ ಕ್ರಮವಿದೆ. ಮೊದಲು ಬಟ್ಟೆಯನ್ನು ಮೂಸಲು ಬಿಟ್ಟು ಬೆನ್ನಿಗೆ ಹೊದಿಸುತ್ತಾರೆ. ಅದು ರೂಢಿಯಾದ ಮೇಲೆ ಜೀನು. ಹೊಟ್ಟೆಪಟ್ಟಿಯನ್ನು ಒಂದೊಂದೇ ತೂತಿನಷ್ಟು ಬಿಗಿಯುತ್ತಾರೆ. ಕಡಿವಾಣ ಕೂರುವುದು ಮುಂದಿನ ಹಲ್ಲು ಮತ್ತು ದವಡೆ ಹಲ್ಲುಗಳ ನಡುವೆ, ಹಲ್ಲಿಲ್ಲದ ಬರಿ ಒಸಡಿನ ಮೇಲೆ. ಒರಟಾಗಿ ಎಳೆದರೆ ನೇರ ನೋವು ಅಲ್ಲಿಗೇ. ಸವಾರನೂ ಒಮ್ಮೆಲೇ ಹತ್ತಿ ಕೂರುವುದಿಲ್ಲ. ಮೊದಲು ಬೆನ್ನಿಗೆ ಅಡ್ಡಲಾಗಿ ಒರಗಿ, ತನ್ನ ಭಾರವನ್ನು ಕುದುರೆಗೆ ಪರಿಚಯ ಮಾಡಿಸಿ ಇಳಿಯುತ್ತಾನೆ. ಇದು ಹಲವು ಸಲ ನಡೆದ ಮೇಲೆಯೇ ರಿಕಾಪಿಗೆ ಕಾಲಿಡುವುದು.

ಸದ್ದಿನ ಪಾಠ ಬರುವುದು ಇಷ್ಟೆಲ್ಲ ಆದ ಮೇಲೆ. ಮೊದಲ ಸದ್ದು ದೂರದಿಂದ ಬರಬೇಕು. ಕುದುರೆ ತಲೆ ಎತ್ತಿ ನೋಡಿ, ಮತ್ತೆ ಸಮಾಧಾನಕ್ಕೆ ಬಂದರೆ ಮುಂದಿನ ಸಲ ತುಸು ಹತ್ತಿರ. ಮೈ ಸೆಟೆದು, ಹೊಳ್ಳೆ ಅರಳಿ, ಕಣ್ಣಿನ ಬಿಳಿ ಕಂಡರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಅಲ್ಲಿಂದ ಮತ್ತೆ ಶುರು. ಪಕ್ಕದಲ್ಲಿ ಅನುಭವದ ಕುದುರೆಯೊಂದು ನಿರಾಳವಾಗಿ ನಿಂತಿದ್ದರೆ ಹೊಸದಕ್ಕೂ ಧೈರ್ಯ. ಹೆದರಿದ್ದಕ್ಕೆ ಏಟು ಕೊಟ್ಟರೆ ಸದ್ದಿನ ಭಯದ ಜತೆಗೆ ಮನುಷ್ಯನ ಭಯವೂ ಸೇರಿಕೊಳ್ಳುತ್ತದೆ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲೇ ಗ್ರೀಕ್ ಸೇನಾನಿ ಕ್ಸೆನೊಫೋನ್ ಕುದುರೆ ಸವಾರಿಯ ಬಗ್ಗೆ ಬರೆದ ಪುಸ್ತಕದಲ್ಲಿ, ಕೋಪದಲ್ಲಿ ಕುದುರೆಯ ಬಳಿ ಹೋಗಬಾರದೆಂದು ಹೇಳಿದ್ದ. ಅದು ಹೆದರುವ ವಸ್ತುವನ್ನು ತಾನೇ ಮುಟ್ಟಿ ತೋರಿಸಿ, ಮೆಲ್ಲಗೆ ಅದರ ಬಳಿಗೆ ಕರೆದೊಯ್ಯಬೇಕೆಂಬುದು ಅವನ ಸಲಹೆ.

ಈ ಕೆಲಸಕ್ಕೆ ಅಡ್ಡದಾರಿ ಇಲ್ಲ. ದಿನವೂ ಅದೇ ದನಿ, ಅದೇ ಸನ್ನೆ, ಅದೇ ತಾಳ್ಮೆ ಬೇಕು. ಮುಂದಿನ ದಸರೆಗೆ ಹೋದಾಗ ಕುದುರೆಗಳ ಹಿಂದಿನಿಂದ ನುಗ್ಗಬೇಡಿ, ಪೀಪಿ ಊದಬೇಡಿ, ಮುಖಕ್ಕೆ ಫ್ಲ್ಯಾಶ್ ಹೊಡೆಯಬೇಡಿ. ಮುಟ್ಟಬೇಕೆನಿಸಿದರೆ ಮೊದಲು ಸವಾರರನ್ನು ಕೇಳಿ.