ಗಾಳ ಹಾಕುವ ಮೀನು: ವಾರ್ಟಿ ಫ್ರಾಗ್‌ಫಿಶ್
(ಸಾರ್ವಜನಿಕರ ಮಾಹಿತಿಗಾಗಿ)

ಮನೆಯಲ್ಲಿ ಸಮುದ್ರ ನೀರಿನ ಅಕ್ವೇರಿಯಂ ಸ್ಥಾಪಿಸಲು ಇಚ್ಛಿಸುವವರು, ಮೀನನ್ನು ಖರೀದಿಸುವ ಮುನ್ನ ಅದರ ಸ್ವಭಾವವನ್ನು ಅರಿತಿರುವುದು ಅವಶ್ಯಕ. ಈ ನಿಟ್ಟಿನಲ್ಲಿ, ಬಣ್ಣದಿಂದಾಗಿ ಹವ್ಯಾಸಿಗಳನ್ನು ಆಕರ್ಷಿಸುತ್ತಿರುವ ವಾರ್ಟಿ ಫ್ರಾಗ್‌ಫಿಶ್ ಕುರಿತು ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಪರಿಚಯ
ಈ ಮೀನಿನ ವೈಜ್ಞಾನಿಕ ಹೆಸರು ಆಂಟೆನೇರಿಯಸ್ ಮ್ಯಾಕುಲೇಟಸ್. 1840ರಲ್ಲಿ ಡೆಸ್ಜಾರ್ಡಿನ್ಸ್ ಎಂಬುವರು ಇದನ್ನು ಮೊದಲು ವಿವರಿಸಿದರು. ಮಾರಿಷಸ್‌ನಿಂದ ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ವರೆಗಿನ ಉಷ್ಣವಲಯದ ಸಮುದ್ರಗಳ ಆಳವಿಲ್ಲದ ಹವಳದ ದಿಬ್ಬಗಳ ತಳದಲ್ಲಿ ಇದು ವಾಸಿಸುತ್ತದೆ. ಉದ್ದ ಸುಮಾರು 15 ಸೆಂ.ಮೀ. ಮೀರುವುದಿಲ್ಲ. ಮೈಮೇಲೆ ಹುರುಪೆಗಳಿಲ್ಲ, ಬದಲಾಗಿ ನರಹುಲಿಯಂತಹ ಗಂಟುಗಳಿದ್ದು, ಅವು ಸ್ಪಂಜು ಹಾಗೂ ಹವಳದ ನಡುವೆ ಮೀನನ್ನು ಮರೆಮಾಡುತ್ತವೆ.

ಬೇಟೆಯ ಕ್ರಮ
ಬೆನ್ನಿನ ಮೊದಲನೆಯ ಮುಳ್ಳು ಗಾಳದ ಕೋಲಾಗಿ ಮಾರ್ಪಟ್ಟಿದೆ. ಅದರ ತುದಿಯಲ್ಲಿ ಸಣ್ಣ ಮೀನನ್ನೇ ಹೋಲುವ ಮಾಂಸದ ತುಣುಕು ಇದ್ದು, ಅದನ್ನು ಅಲುಗಾಡಿಸಿ ಬೇಟೆಯನ್ನು ಸಮೀಪಕ್ಕೆ ಸೆಳೆಯಲಾಗುತ್ತದೆ. ಈ ವಿಷಯವನ್ನು ಪೀಟ್ಷ್ ಮತ್ತು ಗ್ರೋಬೆಕರ್ ಎಂಬ ವಿಜ್ಞಾನಿಗಳು 1978ರಲ್ಲಿ ಪ್ರಕಟಿಸಿದರು. ಫ್ರಾಗ್‌ಫಿಶ್‌ಗಳು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಲ್ಲಿ ಬಾಯಿ ತೆರೆದು ಬೇಟೆಯನ್ನು ಒಳಗೆಳೆದುಕೊಳ್ಳಬಲ್ಲವು. ಇವು ಈಜುವುದು ವಿರಳ. ಕಾಲುಗಳಂತಿರುವ ರೆಕ್ಕೆಗಳನ್ನೂರಿ ತಳದ ಮೇಲೆ ನಡೆಯುತ್ತವೆ.

ಸಾಕುವವರ ಗಮನಕ್ಕೆ
1. ಈ ಮೀನು ತನ್ನಷ್ಟೇ ಗಾತ್ರದ ಮೀನನ್ನೂ ನುಂಗಬಲ್ಲದು. ಆದುದರಿಂದ ಇತರೆ ಮೀನುಗಳೊಂದಿಗೆ ಒಂದೇ ತೊಟ್ಟಿಯಲ್ಲಿ ಇಡುವುದು ಸೂಕ್ತವಲ್ಲ.
2. ಇದು ಕಡಲಿನ ಮೀನಾಗಿದ್ದು, ಸಿಹಿನೀರಿನಲ್ಲಿ ಬದುಕಲಾರದು.
3. ಮಾರುಕಟ್ಟೆಗೆ ಬರುವ ಇಂತಹ ಮೀನುಗಳು ಬಹುತೇಕ ಸಮುದ್ರದಿಂದಲೇ ಹಿಡಿದವು. ತೊಟ್ಟಿಯಲ್ಲಿ ಸತ್ತ ಒಂದು ಮೀನಿನ ಸ್ಥಾನಕ್ಕೆ ಮತ್ತೊಂದನ್ನು ಖರೀದಿಸಿದಾಗ, ಹವಳದ ದಿಬ್ಬದಿಂದ ಇನ್ನೊಂದು ಮೀನು ಕಡಿಮೆಯಾದಂತೆಯೇ ಸರಿ.
4. ವಿದೇಶದಿಂದ ಜೀವಂತ ಮೀನು ತರಿಸುವವರು ಕೇಂದ್ರ ಸರ್ಕಾರದ ಆಮದು ಅನುಮತಿಯನ್ನು ಮುಂಚಿತವಾಗಿ ಪಡೆಯತಕ್ಕದ್ದು.
5. ತೊಟ್ಟಿಯ ಅಲಂಕಾರಕ್ಕಾಗಿ ನಮ್ಮ ಕಡಲಿನ ಹವಳವನ್ನು ಕೀಳುವುದಾಗಲಿ, ಮಾರುವುದಾಗಲಿ ಶಿಕ್ಷಾರ್ಹ ಅಪರಾಧ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನುಸೂಚಿ 1ರಲ್ಲಿ ಸೇರಿವೆ.

ಸಾಕಲಾಗದ ಮೀನನ್ನು ಯಾವುದೇ ಕಾರಣಕ್ಕೂ ಸ್ಥಳೀಯ ಸಮುದ್ರ, ನದಿ ಅಥವಾ ಕೆರೆಗೆ ಬಿಡಬಾರದು. ಹೊರಗಿನ ಮೀನಿನೊಡನೆ ಬರುವ ರೋಗಾಣುಗಳು ಇಲ್ಲಿನ ಮೀನುಗಳಿಗೆ ಹರಡಬಹುದು. ಖರೀದಿಗೆ ಮುನ್ನವೇ ಮೀನಿನ ಮೂಲವನ್ನು ಮಾರಾಟಗಾರರಿಂದ ತಿಳಿದುಕೊಂಡು ಸಹಕರಿಸಬೇಕಾಗಿ ಕೋರಲಾಗಿದೆ.