ಬಂದರಿನ ಭಾರೀ ಯಂತ್ರಗಳ ಮೆಕ್ಯಾನಿಕ್: ಕೆಲಸ, ಹೊಣೆ ಮತ್ತು ಕಲಿಕೆಯ ದಾರಿ

ಎಸೆಸೆಲ್ಸಿ ಫಲಿತಾಂಶ ಬಂದ ಮೇಲೆ ನಮ್ಮ ಕಚೇರಿಗೆ ಬರುವ ಪೋಷಕರು ಹೆಚ್ಚಾಗಿ ಕೇಳುವುದು ಪಿಯುಸಿ, ಪದವಿ ಮತ್ತು ಇಂಜಿನಿಯರಿಂಗ್ ಬಗ್ಗೆ. ಐಟಿಐ ಎಂದರೆ ಅಂಕ ಕಡಿಮೆ ಬಂದವರಿಗೆ ಉಳಿದ ದಾರಿ ಎಂಬ ಭಾವನೆ ಇನ್ನೂ ಹೋಗಿಲ್ಲ. ಆದ್ದರಿಂದ ಈ ಸಲದ ವಿದ್ಯಾರ್ಥಿವೇತನ ಪ್ರಕಟಣೆಯ ಜೊತೆಗೆ, ನಮ್ಮ ಕರಾವಳಿಯಲ್ಲೇ ಇರುವ ಆದರೆ ಹೆಚ್ಚು ಮಂದಿಗೆ ಪರಿಚಯವಿಲ್ಲದ ಒಂದು ಉದ್ಯೋಗವನ್ನು ವಿವರಿಸುತ್ತಿದ್ದೇವೆ. ಮಕ್ಕಳೂ ಪೋಷಕರೂ ಒಟ್ಟಿಗೆ ಕುಳಿತು ಓದಬೇಕೆಂದು ವಿನಂತಿ.

ಕೆಲಸ ಎಲ್ಲಿ, ಯಂತ್ರಗಳು ಯಾವುವು?

ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳಲ್ಲಿ ಒಂದೆಂದು ಘೋಷಣೆಯಾಯಿತು. 1975ರ ಜನವರಿ 11ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಕಚ್ಚಾ ತೈಲ ಮತ್ತು ಅಡುಗೆ ಅನಿಲ ಇಲ್ಲಿ ಪೈಪುಗಳ ಮೂಲಕ ಸಾಗುತ್ತವೆ. ಕಲ್ಲಿದ್ದಲು, ರಸಗೊಬ್ಬರ, ಮರದ ದಿಮ್ಮಿಗಳನ್ನೂ, ಕಾಫಿ ಮತ್ತು ಗೇರುಬೀಜ ತುಂಬಿದ ಕಂಟೈನರ್‌ಗಳನ್ನೂ ಏರಿಸಿ ಇಳಿಸಲು ಯಂತ್ರಗಳೇ ಬೇಕು.

ಧಕ್ಕೆಯ ಮೇಲೆ ಚಕ್ರಗಳಲ್ಲಿ ಚಲಿಸುವ ದೊಡ್ಡ ಹಾರ್ಬರ್ ಕ್ರೇನ್, ಅದರ ತುದಿಯಲ್ಲಿ ಕಲ್ಲಿದ್ದಲನ್ನು ಬಾಚುವ ಗ್ರ್ಯಾಬ್, ಯಾರ್ಡಿನಲ್ಲಿ ಲೋಡರ್ ಮತ್ತು ಫೋರ್ಕ್‌ಲಿಫ್ಟ್ ಇರುತ್ತವೆ. ನಾವೆಲ್ಲ ‘ಹಿಟಾಚಿ’ ಎಂದು ಕರೆಯುವ ಎಕ್ಸ್‌ಕವೇಟರನ್ನು ಕ್ರೇನಿನಿಂದಲೇ ಎತ್ತಿ ಹಡಗಿನ ಹೊಟ್ಟೆಗೆ ಇಳಿಸುತ್ತಾರೆ. ಮೂಲೆಯಲ್ಲಿ ಉಳಿದ ಸರಕನ್ನು ಅದು ನಡುವಿಗೆ ತಂದು ಹಾಕುತ್ತದೆ. ಕಂಟೈನರ್ ಎತ್ತಿ ಒಂದರ ಮೇಲೊಂದು ಜೋಡಿಸುವ ರೀಚ್ ಸ್ಟ್ಯಾಕರ್ ಸುಮಾರು 45 ಟನ್‌ವರೆಗೆ ಎತ್ತಬಲ್ಲದು. ಅದರ ಸ್ವಂತ ತೂಕವೇ ಸುಮಾರು 70 ಟನ್. ಇವೆಲ್ಲವನ್ನೂ ಓಡುವ ಸ್ಥಿತಿಯಲ್ಲಿ ಇಡುವವನೇ ಮೆಕ್ಯಾನಿಕ್.

ದಿನದ ಕೆಲಸ

ಕಾರು, ಬೈಕಿಗೆ ಕಿಲೋಮೀಟರ್ ಲೆಕ್ಕದಲ್ಲಿ ಸರ್ವಿಸ್ ಮಾಡುತ್ತೇವೆ. ಈ ಯಂತ್ರಗಳಿಗೆ ಗಂಟೆಯ ಲೆಕ್ಕ. 250, 500, 1000 ಗಂಟೆ ಎಂದು ಮೀಟರ್ ತೋರಿಸಿದಂತೆ ಆಯಿಲ್, ಫಿಲ್ಟರ್, ಬೆಲ್ಟ್ ಬದಲಾಯಿಸುವ ಪಟ್ಟಿ ಇರುತ್ತದೆ. ಇದಲ್ಲದೆ ಪ್ರತಿ ಶಿಫ್ಟಿನ ಆರಂಭದಲ್ಲಿ ಆಯಿಲ್ ಮಟ್ಟ, ಸೋರಿಕೆ, ಟಯರ್, ಬ್ರೇಕ್, ಹೋಸ್, ಗ್ರೀಸ್ ನೋಡಬೇಕು. ಉಳಿದ ಸಮಯ ಬ್ರೇಕ್‌ಡೌನ್ ಕೆಲಸಕ್ಕೆ. ಹಡಗು ಹಗಲು ರಾತ್ರಿ ನೋಡುವುದಿಲ್ಲ. ಆದ್ದರಿಂದ ರಾತ್ರಿ ಪಾಳಿ, ಹಬ್ಬದ ದಿನದ ಪಾಳಿ ಈ ಉದ್ಯೋಗದಲ್ಲಿ ಸಾಮಾನ್ಯ.

ಕರಾವಳಿಯ ಗಾಳಿಯೇ ಈ ಯಂತ್ರಗಳ ಮೊದಲ ಶತ್ರು. ಉಪ್ಪಿನ ತೇವ ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ, ತಾಮ್ರದ ತಂತಿಯ ತುದಿಯನ್ನು ಹಸಿರಾಗಿಸುತ್ತದೆ. ರಸಗೊಬ್ಬರದ ಪುಡಿ ತೇವ ಹೀರಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಪೊಟ್ಯಾಷ್ ಅಂತೂ ಉಪ್ಪಿನಂತೆಯೇ ಲೋಹವನ್ನು ತಿನ್ನುತ್ತದೆ. ಕಲ್ಲಿದ್ದಲಿನ ದೂಳು ಏರ್ ಫಿಲ್ಟರ್ ಮತ್ತು ರೇಡಿಯೇಟರನ್ನು ಕಟ್ಟಿಸಿ ಇಂಜಿನ್ ಬಿಸಿಯಾಗುವಂತೆ ಮಾಡುತ್ತದೆ. ಆದ್ದರಿಂದ ತೊಳೆಯುವುದು, ಒರೆಸುವುದು, ಗ್ರೀಸ್ ಹಾಕುವುದು ಕೀಳು ಕೆಲಸವಲ್ಲ. ಯಂತ್ರದ ಆಯುಸ್ಸು ನಿಂತಿರುವುದೇ ಅದರ ಮೇಲೆ.

ಸ್ಪ್ಯಾನರಿಗಿಂತ ಮೊದಲು ಯೋಚನೆ

ಒಂದು ಉದಾಹರಣೆ ನೋಡೋಣ. ರೀಚ್ ಸ್ಟ್ಯಾಕರ್ ಕಂಟೈನರಿನ ಮೇಲೆ ಸರಿಯಾಗಿ ಕುಳಿತಿದೆ, ಇಂಜಿನ್ ಓಡುತ್ತಿದೆ, ಆದರೆ ಎತ್ತುತ್ತಿಲ್ಲ. ಅನುಭವವಿಲ್ಲದವನು ಹೈಡ್ರಾಲಿಕ್ ಪಂಪ್ ಹೋಗಿದೆ ಎಂದು ಬಿಚ್ಚಲು ಹೊರಡುತ್ತಾನೆ. ತಿಳಿದವನು ಮೊದಲು ಕ್ಯಾಬಿನ್ನಿನ ದೀಪಗಳನ್ನು ನೋಡುತ್ತಾನೆ. ಕಂಟೈನರಿನ ನಾಲ್ಕು ಮೂಲೆಗಳಲ್ಲೂ ಟ್ವಿಸ್ಟ್ ಲಾಕ್ ಎಂಬ ಕೊಕ್ಕೆ ತಿರುಗಿ ಕಚ್ಚಿಕೊಳ್ಳಬೇಕು. ನಾಲ್ಕೂ ಕಚ್ಚಿವೆ ಎಂದು ಸೆನ್ಸರ್ ಹೇಳುವವರೆಗೆ ಯಂತ್ರ ಎತ್ತದಂತೆ ವ್ಯವಸ್ಥೆ ಮಾಡಲಾಗಿದೆ. ಹಾಗಾಗಿ ಒಂದು ಮೂಲೆಯ ಸೆನ್ಸರಿನ ವೈರು ತುಕ್ಕು ಹಿಡಿದಿದ್ದರೂ ಇಡೀ ಯಂತ್ರ ನಿಲ್ಲುತ್ತದೆ. ದೀಪ, ನಂತರ ವೈರು, ನಂತರ ವಾಲ್ವ್, ಒತ್ತಡದ ಗೇಜ್, ಕೊನೆಗೆ ಪಂಪ್ ಎಂಬ ಕ್ರಮದಲ್ಲಿ ಹೋದರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ, ಕ್ರಮ ತಪ್ಪಿದರೆ ಎರಡು ದಿನ ಹಿಡಿಯುತ್ತದೆ.

ಈ ಉದ್ಯೋಗದ ನಿಜವಾದ ಪರೀಕ್ಷೆಯೂ ಇಲ್ಲೇ ಇದೆ. ಹಡಗು ಕಾಯುತ್ತಿದೆ, ಲಾರಿಗಳು ಸಾಲುಗಟ್ಟಿವೆ, ಹೊಸ ಸೆನ್ಸರ್ ಸ್ಟೋರಿನಲ್ಲಿ ಇಲ್ಲ. “ಎರಡು ವೈರು ಸೇರಿಸಿ ಬಿಡು, ಬೆಳಿಗ್ಗೆ ನೋಡೋಣ” ಎಂದು ಯಾರಾದರೂ ಹೇಳುವುದುಂಟು. ಹಾಗೆ ಸೇರಿಸಿದರೆ ಯಂತ್ರ ಎತ್ತುತ್ತದೆ, ಸಂಶಯವಿಲ್ಲ. ಆದರೆ ಅದೇ ರಾತ್ರಿ ಒಂದು ಲಾಕ್ ನಿಜವಾಗಿ ಕಚ್ಚದೆ ಇದ್ದರೆ, ಅದನ್ನು ತಡೆಯುವವರು ಯಾರೂ ಇರುವುದಿಲ್ಲ. ಕೆಳಗೆ ಲಾರಿಯ ಚಾಲಕನಿದ್ದಾನೆ, ಚೀಟಿ ಬರೆಯುವ ಹುಡುಗನಿದ್ದಾನೆ. “ಆಗುವುದಿಲ್ಲ, ಯಂತ್ರವನ್ನು ಬದಿಗೆ ನಿಲ್ಲಿಸಿ” ಎಂದು ಹೇಳಿ, ಅದನ್ನು ಲಾಗ್ ಪುಸ್ತಕದಲ್ಲಿ ಬರೆದು ಸಹಿ ಹಾಕುವ ಧೈರ್ಯವೂ ಮೆಕ್ಯಾನಿಕನ ಕಸುಬಿನ ಭಾಗ.

ಪ್ರಾಣ ಉಳಿಸುವ ನಿಯಮಗಳು

ಯಂತ್ರಕ್ಕೆ ಕೈ ಹಾಕುವ ಮೊದಲು ಅದನ್ನು ಆಫ್ ಮಾಡಿ, ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಎತ್ತಿದ ಬೂಮ್ ಅಥವಾ ಬಕೆಟ್ ಅಡಿಯಲ್ಲಿ ಆಧಾರವಿಲ್ಲದೆ ಹೋಗಬಾರದು. ಒಂದು ಹೋಸ್ ಒಡೆದರೆ ಅದು ಕುಸಿಯಬಹುದು.

ಹೈಡ್ರಾಲಿಕ್ ಪೈಪಿನಲ್ಲಿ 250ರಿಂದ 350 ಬಾರ್ ಒತ್ತಡ ಇರುತ್ತದೆ. ನಮ್ಮ ಕಾರಿನ ಟಯರಿನಲ್ಲಿ ಇರುವುದು ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟು ಗಾಯ, ನೋವೂ ಮೊದಲಿಗೆ ಕಡಿಮೆ. ಆದರೆ ಕೂಡಲೇ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳು, ಕೆಲವೊಮ್ಮೆ ಕೈಯೇ ಹೋಗಬಹುದು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಬೇಕು, ಬರಿಗೈ ಎಂದೂ ಅಲ್ಲ.

ಕ್ರೇನಿನ ಉಕ್ಕಿನ ಹಗ್ಗಕ್ಕೆ ಲೆಕ್ಕವೇ ಇದೆ. ಹಗ್ಗದ ವ್ಯಾಸದ ಎಂಟು ಪಟ್ಟು ಉದ್ದದೊಳಗೆ, ಒಟ್ಟು ತಂತಿಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ತುಂಡಾಗಿ ಕಂಡರೆ ಆ ಹಗ್ಗವನ್ನು ಬಳಸಬಾರದು. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಒಂದು ತಂತಿ ತುಂಡಾದರೂ ಅಲ್ಲಿಂದ ಮುಂದೆ ಪ್ರತಿ ತಿಂಗಳು ತಪಾಸಣೆ ಆಗಬೇಕು.

ಕೊನೆಯದು ಬಹಳ ಮುಖ್ಯ. ಹಡಗಿನ ಒಳಗೆ ಕೆಟ್ಟುನಿಂತ ಎಕ್ಸ್‌ಕವೇಟರ್ ರಿಪೇರಿಗೆ ಮೆಕ್ಯಾನಿಕ್ ಏಣಿ ಇಳಿಯಬೇಕಾಗುತ್ತದೆ. ಮುಚ್ಚಿದ ಜಾಗದಲ್ಲಿ ಕಲ್ಲಿದ್ದಲು ಮತ್ತು ಮರದ ದಿಮ್ಮಿ ಗಾಳಿಯ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಸಾಮಾನ್ಯ ಗಾಳಿಯಲ್ಲಿ ಅದು ಸುಮಾರು ಶೇಕಡಾ 21 ಇರಬೇಕು. ಕಡಿಮೆಯಾದರೆ ಯಾವ ವಾಸನೆಯೂ ಬರುವುದಿಲ್ಲ, ಮನುಷ್ಯ ಸುಮ್ಮನೆ ಕುಸಿಯುತ್ತಾನೆ. ಅವನನ್ನು ಎತ್ತಲು ಓಡಿ ಇಳಿದ ಗೆಳೆಯನೂ ಅಲ್ಲೇ ಬೀಳುತ್ತಾನೆ. ಗಾಳಿ ಅಳೆದು ಅನುಮತಿ ಕೊಡದೆ ಇಳಿಯಬಾರದು. ಯಾರಾದರೂ ಬಿದ್ದರೆ ಉಸಿರಾಟದ ಉಪಕರಣವಿಲ್ಲದೆ ಹಿಂದೆ ಹೋಗಬಾರದು.

ಕಲಿಯುವುದು ಹೇಗೆ?

ಎಸೆಸೆಲ್ಸಿ ಪಾಸಾದವರು ಐಟಿಐ ಸೇರಬಹುದು. ಮೆಕ್ಯಾನಿಕ್ ಡೀಸೆಲ್ ಒಂದು ವರ್ಷದ ಕೋರ್ಸ್. ಫಿಟ್ಟರ್, ಎಲೆಕ್ಟ್ರಿಷಿಯನ್, ಮೋಟಾರು ವಾಹನ ಮೆಕ್ಯಾನಿಕ್ ಎರಡು ವರ್ಷ. ಇಂದಿನ ಯಂತ್ರಗಳಲ್ಲಿ ಸೆನ್ಸರ್, ಕಂಪ್ಯೂಟರ್ ತುಂಬಿರುವುದರಿಂದ ಎಲೆಕ್ಟ್ರಿಕಲ್ ಗೊತ್ತಿರುವ ಮೆಕ್ಯಾನಿಕ್‌ಗೆ ಬೇಡಿಕೆ. ಐಟಿಐ ಬಳಿಕ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತಾ ತರಬೇತಿ ಪಡೆಯಬಹುದು. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ಅವಕಾಶವೂ ಇದೆ. ಅಂದರೆ ಐಟಿಐ ಮುಚ್ಚಿದ ಬಾಗಿಲಲ್ಲ. ಮ್ಯಾನುವಲ್ ಓದುವಷ್ಟು ಇಂಗ್ಲಿಷ್, ಸರ್ಕ್ಯೂಟ್ ನಕ್ಷೆ ಓದುವ ಅಭ್ಯಾಸ ಮಾತ್ರ ಬಿಡಬಾರದು.

ಬಂದರಿನ ಯಂತ್ರಗಳಲ್ಲಿ ಹೆಚ್ಚಿನವು ಖಾಸಗಿ ಟರ್ಮಿನಲ್, ಸ್ಟೀವಡೋರ್ ಮತ್ತು ಗುತ್ತಿಗೆದಾರರಿಗೆ ಸೇರಿದವು. ಆದ್ದರಿಂದ ಕೆಲಸವೂ ಹೆಚ್ಚಾಗಿ ಅವರಲ್ಲೇ. ಸೇರುವಾಗ ಸಂಬಳದ ಜೊತೆಗೆ ಪಿಎಫ್, ಇಎಸ್ಐ, ಸುರಕ್ಷತಾ ಶೂ, ಹೆಲ್ಮೆಟ್, ಪಾಳಿಯ ಅವಧಿ ಇವನ್ನೂ ಕೇಳಿ ತಿಳಿದುಕೊಳ್ಳಿ.

ದುಬೈಯ ಜಬಲ್ ಅಲಿ, ಸೌದಿಯ ದಮ್ಮಾಮ್, ಒಮಾನಿನ ಸಲಾಲಾ ಮುಂತಾದ ಬಂದರುಗಳಲ್ಲೂ ಇದೇ ಬಗೆಯ ಯಂತ್ರಗಳಿವೆ. ಹೊರಡುವವರು ಪ್ರಮಾಣಪತ್ರ ಮತ್ತು ಅನುಭವ ಪತ್ರ ಇಟ್ಟುಕೊಂಡು ಹೋಗಲಿ. ‘ಹೆಲ್ಪರ್’ ವೀಸಾದಲ್ಲಿ ಹೋದವನಿಗೆ ಮೆಕ್ಯಾನಿಕ್ ಸಂಬಳ ಸುಲಭವಾಗಿ ಸಿಗುವುದಿಲ್ಲ. ಏಜೆಂಟ್ ನೋಂದಾಯಿತನೇ ಎಂದು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಲಕ್ಷ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಅರ್ಜಿದಾರರ ಗಮನಕ್ಕೆ

ನಮ್ಮ ವಿದ್ಯಾರ್ಥಿವೇತನಕ್ಕೆ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳೂ ಪದವಿ ವಿದ್ಯಾರ್ಥಿಗಳಷ್ಟೇ ಅರ್ಹರು. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪ್ರವೇಶದ ರಶೀದಿ ಮತ್ತು ವಿದ್ಯಾರ್ಥಿಯ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯನ್ನು ಅರ್ಜಿಯೊಂದಿಗೆ ಲಗತ್ತಿಸಿ. ಐಟಿಐ ವಿದ್ಯಾರ್ಥಿಗಳು ಟೂಲ್ ಕಿಟ್, ಸುರಕ್ಷತಾ ಶೂ ಮತ್ತು ಪ್ರಯಾಣದ ಖರ್ಚನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಶುಲ್ಕ ಕಡಿಮೆ ಇದ್ದರೂ ಈ ಖರ್ಚುಗಳಿಂದಲೇ ಹಲವು ಮಕ್ಕಳು ನಡುವೆ ಬಿಡುತ್ತಾರೆ. ಯಾವ ಟ್ರೇಡ್ ಆಯ್ಕೆ ಮಾಡಬೇಕೆಂದು ತಿಳಿಯದವರು ಅರ್ಜಿ ತುಂಬುವ ಮೊದಲೇ ಕಚೇರಿಗೆ ಬಂದು ಮಾತನಾಡಬಹುದು. ಪೋಷಕರು ಮಗನನ್ನೋ ಮಗಳನ್ನೋ ಜೊತೆಯಲ್ಲೇ ಕರೆತನ್ನಿ. ಕೆಲಸ ಮಾಡಬೇಕಾದವರ ಇಷ್ಟವನ್ನು ಮೊದಲು ಕೇಳೋಣ.