ಆಕಳು ಏಳಬೇಕು, ಎದೆ ನಿಲ್ಲಬಾರದು

ಅಂದೋಲಾ ಸೀಮೆಯಲ್ಲಿ ಹಿಂಡುವ ಜರ್ಸಿ ಆಕಳು ಈದ ಮಾರನೆಯ ದಿನ ಕೂತಲ್ಲಿಂದ ಏಳದಿದ್ದರೆ ಮನೆಯವರು ದೃಷ್ಟಿ ತಾಕಿತೆನ್ನುತ್ತಾರೆ. ಪಶುವೈದ್ಯನಾದ ನಾನು ಮೊದಲು ಕಿವಿ ಮುಟ್ಟುತ್ತೇನೆ. ಕಿವಿ ತಣ್ಣಗಾಗಿ, ಮೂಗು ಒಣಗಿ, ಕುತ್ತಿಗೆ ಪಕ್ಕೆಗೆ ಹೊರಳಿದ್ದರೆ ಅದು ಹಾಲುಜ್ವರ, ರಕ್ತದ ಕ್ಯಾಲ್ಸಿಯಂ ಕುಸಿದು ಬರುವ ರೋಗ. ಹತ್ತು ಲೀಟರ್ ಗಿಣ್ಣದ ಹಾಲಿನೊಂದಿಗೆ ಸುಮಾರು 20 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಆಕಳ ರಕ್ತದಲ್ಲಿ ಒಮ್ಮೆಗೆ ಇರುವುದು ಮೂರು ಗ್ರಾಂ ಆಸುಪಾಸು. ಎಲುಬಿನಲ್ಲಿ ಕಿಲೋಗಟ್ಟಲೆ ಇದೆ, ನಿಜ. ಅದು ಕರಗಿ ಬರಲು ದಿನಗಳೇ ಬೇಕು.

450 ಮಿಲಿ ಕ್ಯಾಲ್ಸಿಯಂ ಬಾಟಲಿಯನ್ನು ಬೆಚ್ಚಗೆ ಮಾಡಿ ಕುತ್ತಿಗೆಯ ರಕ್ತನಾಳಕ್ಕೆ ಹನಿಹನಿಯಾಗಿ ಬಿಡುತ್ತೇನೆ. ಸ್ಟೆತಾಸ್ಕೋಪ್ ಆಕಳ ಎದೆಯ ಮೇಲೇ ಇರುತ್ತದೆ.

"ಸಾಹೇಬ್ರ, ಜಲ್ದಿ ಬಿಡ್ರಿ, ಯಾಕ ತಡ ಮಾಡ್ಲಿಕತ್ತೀರಿ?" ಎಂದಳು ಒಬ್ಬ ಅಜ್ಜಿ.

"ಅವ್ವಾ, ಗಡಬಡ ಮಾಡಿದ್ರ ಆಕಳ ನಿಂದರೂದಿಲ್ಲ, ಎದಿ ನಿಂದರ್ತದ."

ಕಾಲಿಗೂ ಎದೆಗೂ ಕ್ಯಾಲ್ಸಿಯಂ ಬೇಕಾಗುವುದು ಹೀಗೆ: ಮಾಂಸಖಂಡದ ಎಳೆಗಳಲ್ಲಿ ಆಕ್ಟಿನ್, ಮಯೋಸಿನ್ ಎಂಬ ಎರಡು ಪ್ರೋಟೀನುಗಳಿವೆ. ಇವು ಒಂದನ್ನೊಂದು ಹಿಡಿದು ಎಳೆದರೆ ಖಂಡ ಬಿಗಿಯುತ್ತದೆ. ಸುಮ್ಮನಿದ್ದಾಗ ನಡುವೆ ಅಗಳಿ ಹಾಕಿದಂತೆ ಇನ್ನೊಂದು ಪ್ರೋಟೀನು ಅಡ್ಡ ಇರುತ್ತದೆ. ಕ್ಯಾಲ್ಸಿಯಂ ಬಂದು ಟ್ರೋಪೊನಿನ್ ಎಂಬ ಮತ್ತೊಂದು ಪ್ರೋಟೀನಿಗೆ ಅಂಟಿದಾಗಲೇ ಆ ಅಗಳಿ ಸರಿಯುವುದು. ಕಾಲಿನ ಖಂಡಗಳು ಇದಕ್ಕೆ ತಮ್ಮೊಳಗೇ ಕೂಡಿಟ್ಟ ಕ್ಯಾಲ್ಸಿಯಂ ಬಳಸುತ್ತವೆ. ಹಾಗಾದರೆ ರಕ್ತದಲ್ಲಿ ಕಡಿಮೆಯಾದರೆ ಆಕಳು ಏಕೆ ಕುಸಿಯಬೇಕು? ತೊಡಕಿರುವುದು ನರದ ತುದಿಯಲ್ಲಿ. ಹೊರಗಿನ ಕ್ಯಾಲ್ಸಿಯಂ ಒಳಹೊಕ್ಕರಷ್ಟೇ ಅದು ಖಂಡಕ್ಕೆ ಸಂದೇಶ ಕೊಡಬಲ್ಲದು.

ಹೃದಯದ ಬಾಳೇ ಬೇರೆ. ಪ್ರತಿ ಬಡಿತಕ್ಕೂ ಹೊರಗಿನಿಂದ ಒಂದಿಷ್ಟು ಕ್ಯಾಲ್ಸಿಯಂ ಅದರ ಜೀವಕೋಶದೊಳಗೆ ಬರಬೇಕು. ಅದರ ತಟ್ಟಿಗೆ ಒಳಗಿನ ದಾಸ್ತಾನು ತೆರೆಯುತ್ತದೆ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಇದರ ಸುಳಿವು ಕೊಟ್ಟದ್ದು 1883ರಲ್ಲಿ. ನಲ್ಲಿ ನೀರಿನಲ್ಲಿ ಮಾಡಿದ ಉಪ್ಪುದ್ರಾವಣದಲ್ಲಿ ಬಡಿಯುತ್ತಿದ್ದ ಕಪ್ಪೆಯ ಹೃದಯ, ಭಟ್ಟಿ ಇಳಿಸಿದ ನೀರಿನ ದ್ರಾವಣದಲ್ಲಿ ನಿಂತುಹೋಯಿತು. ನಲ್ಲಿ ನೀರಿನಲ್ಲಿದ್ದದ್ದು ಕ್ಯಾಲ್ಸಿಯಂ. ಕೊರತೆಯಾದರೆ ಹೃದಯ ಸೊರಗುತ್ತದೆ, ಒಮ್ಮೆಲೇ ಸುರಿದರೆ ತಾಳ ತಪ್ಪಿ ನಿಲ್ಲುತ್ತದೆ. ಅಂಗಡಿಯಿಂದ ಬಾಟಲಿ ತಂದು ತಾವೇ ಚುಚ್ಚುವವರನ್ನು ಕಂಡರೆ ನನಗೆ ಅದಕ್ಕೇ ಸಿಟ್ಟು.

ಮದ್ದು ಹತ್ತಿದರೆ ಮೈ ನಡುಗುತ್ತದೆ, ತೇಗು ಬರುತ್ತದೆ, ಸಗಣಿ ಹಾಕುತ್ತದೆ. ಎಷ್ಟೋ ಆಕಳು ನಾನು ಚೀಲ ಕಟ್ಟುವುದರೊಳಗೆ ಎದ್ದಿರುತ್ತವೆ.

ಗಬ್ಬದ ಕೊನೆಯ ತಿಂಗಳು ಕ್ಯಾಲ್ಸಿಯಂ ಟಾನಿಕ್ ಕುಡಿಸಬೇಡಿ. ಎಲುಬಿನಿಂದ ಕ್ಯಾಲ್ಸಿಯಂ ತೆಗೆಸುವ ಗ್ರಂಥಿ ಸೋಮಾರಿಯಾಗುತ್ತದೆ. ಬಿದ್ದ ಆಕಳಿಗೆ ಬಾಯಿಂದ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು. ಎದೆಯ ಮೇಲೆ ಕೂಡಿಸಿ, ಪಕ್ಕಕ್ಕೆ ಚೀಲ ಆನಿಸಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.